‘ಮುಂದಿನ ವಾರ ಬನ್ನಿ’: ಒಂದು ವಕೀಲಿ ಕಂಪನಿ ಮುಳುಗಿದ ಕಥೆ

(ಉಪನ್ಯಾಸದ ಧ್ವನಿಮುದ್ರಣದಿಂದ ಸಿದ್ಧಪಡಿಸಿದ ಬರಹ)

ಒಂದು ಜೊತೆ ವಜ್ರದ ಓಲೆಯಿಂದ ಶುರು ಮಾಡುತ್ತೇನೆ. ಕಾನೂನಿನ ವಿಷಯ ಕೇಳೋಣ ಅಂತ ಬಂದರೆ ಈ ಮನುಷ್ಯ ಚಿನಿವಾರರ ಅಂಗಡಿಗೆ ಕರೆದುಕೊಂಡು ಹೊರಟನಲ್ಲ ಅನ್ನಬೇಡಿ. ಈ ಪ್ರಕರಣದ ಕಾಗದಪತ್ರಗಳನ್ನು ಓದುವಾಗ ಕೋಟಿ ಕೋಟಿ ಡಾಲರುಗಳ ಲೆಕ್ಕ ನನ್ನ ತಲೆಗೆ ಹತ್ತಲೇ ಇಲ್ಲ. ಹತ್ತಿದ್ದು ಈ ಓಲೆಯ ಲೆಕ್ಕ.

2007ರ ಮಾರ್ಚ್. ಲಾಸ್ ಏಂಜಲೀಸ್‌ನ ಟಾಮ್ ಗಿರಾರ್ಡಿ ಎಂಬ ವಕೀಲ ಹೆಂಡತಿಗೆ ಓಲೆ ಕೊಂಡ. ಮೊದಲಿದ್ದ ಜೊತೆ ಮನೆಯಿಂದ ಕಳುವಾಗಿತ್ತು, ಅದರ ಬದಲಿಗೆ ಇದು. ಬೆಲೆ 7.5 ಲಕ್ಷ ಡಾಲರ್. ದೊಡ್ಡ ವಕೀಲ, ಕೊಂಡುಕೊಳ್ಳಲಿ ಬಿಡಿ ಅನ್ನಬಹುದು. ಆದರೆ ಚೆಕ್ಕು ಹರಿದದ್ದು ಅವನ ಸ್ವಂತ ಖಾತೆಯಿಂದಲ್ಲ. ಆಫೀಸಿನ ಖಾತೆಯಿಂದಲೂ ಅಲ್ಲ. ಕಕ್ಷಿದಾರರ ಹಣ ಇಡುವ ಟ್ರಸ್ಟ್ ಖಾತೆಯಿಂದ. ರೆಜುಲಿನ್ ಅಂತ ಸಕ್ಕರೆ ಕಾಯಿಲೆಗೆ ಒಂದು ಮಾತ್ರೆ ಇತ್ತು. ಅದು ಲಿವರ್ ಕೆಡಿಸುತ್ತದೆ ಅಂತ ಗೊತ್ತಾಗಿ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. ಆ ಮಾತ್ರೆ ನುಂಗಿ ಕೆಟ್ಟವರಿಗಾಗಿ ಬಂದ ಪರಿಹಾರದ ಹಣ ಅದು. ಲೆಡ್ಜರಿನಲ್ಲಿ ಆ 7.5 ಲಕ್ಷದ ಎದುರು ಬರೆದದ್ದು ಒಂದೇ ಪದ: ಖರ್ಚು. ಅಂದರೆ ಮೊಕದ್ದಮೆ ನಡೆಸಿದ ಖರ್ಚು. ಸಾಕ್ಷಿಗಳ ಭತ್ಯೆ, ಜೆರಾಕ್ಸು, ತಜ್ಞ ವೈದ್ಯರ ಫೀಸು, ಅವುಗಳ ಸಾಲಿನಲ್ಲಿ ಒಂದು ಜೊತೆ ವಜ್ರದ ಓಲೆ. ನಮ್ಮಲ್ಲಿ ‘ರಾಮನ ಲೆಕ್ಕ, ಕೃಷ್ಣನ ಲೆಕ್ಕ’ ಅನ್ನುತ್ತೇವಲ್ಲ, ಅಕ್ಷರಶಃ ಹಾಗೆ.

‘ಅವನು’ ಅನ್ನುತ್ತಿದ್ದೇನೆ. ಈಗ 86 ದಾಟಿದ ಮುದುಕ, ನನಗಿಂತ ಎಷ್ಟೋ ಹಿರಿಯ. ಬಹುವಚನ ಕೊಡಬೇಕು, ಕೊಡೋಣ ಅಂತ ಮನೆಯಲ್ಲಿ ಅಂದುಕೊಂಡೇ ಬಂದಿದ್ದೆ. ನಾಲಗೆ ಒಪ್ಪುತ್ತಿಲ್ಲ, ಕ್ಷಮಿಸಿ.

ಈ ಗಿರಾರ್ಡಿ ಯಾರೋ ಬೀದಿ ಬದಿಯ ವಕೀಲ ಅಂತ ತಿಳಿಯಬೇಡಿ. ಅವನ ವಕೀಲಿ ಕಂಪನಿ ಗಿರಾರ್ಡಿ ಕೀಸ್ ಅಂದರೆ ದೊಡ್ಡ ಕಂಪನಿಗಳು ಬೆಚ್ಚುತ್ತಿದ್ದ ಹೆಸರು. ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಮರಳುಗಾಡಿನ ಊರಿನ ಅಂತರ್ಜಲಕ್ಕೆ ಪಿಜಿ ಅಂಡ್ ಇ ಎಂಬ ಗ್ಯಾಸ್ ಮತ್ತು ವಿದ್ಯುತ್ ಕಂಪನಿ ಕ್ರೋಮಿಯಂ ಬಿಟ್ಟಿತ್ತು. ಎರಿನ್ ಬ್ರಾಕೊವಿಚ್ ಎಂಬ ಹೆಣ್ಣುಮಗಳು, ವಕೀಲರ ಕಚೇರಿಯಲ್ಲಿ ಕಡತ ನೋಡುತ್ತಿದ್ದವಳು, ಅದನ್ನು ಬೆನ್ನುಹತ್ತಿದ್ದು ನಿಮಗೆ ಗೊತ್ತಿರಬೇಕು, ಅದರ ಮೇಲೆ ಸಿನಿಮಾ ಕೂಡ ಬಂತು. 1996ರಲ್ಲಿ ಆ ಊರಿನವರಿಗೆ 33.3 ಕೋಟಿ ಡಾಲರ್ ಕೊಡಿಸಿದ ವಕೀಲರ ಗುಂಪಿನಲ್ಲಿ ಗಿರಾರ್ಡಿಯೂ ಒಬ್ಬ. ಬಡವರ ಪರ, ಕಂಪನಿಗಳ ವಿರುದ್ಧ. ಅದೇ ಅವನ ಬಂಡವಾಳ. ಮೂರನೆಯ ಹೆಂಡತಿ ಎರಿಕಾ ಜೇನ್ ಹಾಡುಗಾರ್ತಿ, ಟಿವಿ ರಿಯಾಲಿಟಿ ಷೋ ತಾರೆ. ಮನೆ ಪಾಸಡೀನಾದಲ್ಲಿ, ಓಡಾಟ ಖಾಸಗಿ ವಿಮಾನದಲ್ಲಿ. ನ್ಯಾಯಾಧೀಶರು, ರಾಜಕಾರಣಿಗಳು ಎಲ್ಲ ಸ್ನೇಹಿತರು.

ಈಗ ಆ ಟ್ರಸ್ಟ್ ಖಾತೆ ಅಂದರೇನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಮೆರಿಕದಲ್ಲಿ ಅಪಘಾತದ ಕೇಸು, ವಿಷಪ್ರಾಶನದ ಕೇಸು, ಇಂಥವುಗಳಲ್ಲಿ ವಕೀಲ ಮೊದಲು ಫೀಸು ಕೇಳುವುದಿಲ್ಲ. ಗೆದ್ದರೆ ಬಂದದ್ದರಲ್ಲಿ ಪಾಲು. ಮೂರನೆಯ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು. ನಮ್ಮಲ್ಲಿ ಬಾರ್ ಕೌನ್ಸಿಲ್ ಇದನ್ನು ನಿಷೇಧಿಸಿದೆ. ಅಲ್ಲಿ ಅದೇ ರೂಢಿ. ಹಾಗಾಗಿ ಎದುರು ಪಕ್ಷದವರು ಕೊಡುವ ಹಣ ನೇರ ಕಕ್ಷಿದಾರನ ಕೈಗೆ ಹೋಗುವುದಿಲ್ಲ. ವಕೀಲನ ಟ್ರಸ್ಟ್ ಖಾತೆಗೆ ಬರುತ್ತದೆ. ಅಲ್ಲಿ ಅವನ ಪಾಲು ಕಳೆದು, ಖರ್ಚು ಕಳೆದು, ಆಸ್ಪತ್ರೆಯವರ ಬಾಕಿ ಕಳೆದು, ಉಳಿದದ್ದು ಕಕ್ಷಿದಾರನಿಗೆ. ಖಾತೆ ವಕೀಲನ ಹೆಸರಿನಲ್ಲಿದೆ. ಹಣ ವಕೀಲನದಲ್ಲ. ಈ ಎರಡು ವಾಕ್ಯಗಳ ನಡುವಿನ ಸಂದಿಯಲ್ಲೇ ಇಡೀ ಕಥೆ ನಡೆಯುತ್ತದೆ.

ಆ ಸಂದಿಯಲ್ಲಿ ಗಿರಾರ್ಡಿ ಮಾಡಿದ್ದು ಹೊಸ ತಂತ್ರವೇನಲ್ಲ, ನಮ್ಮ ಊರ ಚೀಟಿ ಸಂಘದವರು ಮಾಡಿದ್ದೇ. ಇವನ ಹಣದಿಂದ ಆಫೀಸಿನ ಸಂಬಳ, ಕ್ರೆಡಿಟ್ ಕಾರ್ಡಿನ ಬಿಲ್ಲು. ಇವನು ಗಲಾಟೆ ಮಾಡಿದಾಗ ಅವನ ಹಣದಿಂದ ಇವನಿಗೆ. ಅವನು ಕೇಳಿದಾಗ ಮುಂದೆ ಬರುವ ಇನ್ನೊಂದು ಕೇಸಿನಿಂದ. ಕೇಸು ಬರುತ್ತಿರುವವರೆಗೆ ನಡೆಯುತ್ತದೆ. ಅದೂ ಸಾಲದೆ ಮುಂದೆ ಬರಬಹುದಾದ ಫೀಸಿನ ಮೇಲೆ ಸಾಲ ಕೊಡುವ ಕಂಪನಿಗಳಿಂದ ಸಾಲ.

ಆದರೆ ನೋಡಿ, ಚೀಟಿಯವನು ಹಣ ಕೊಡದಿದ್ದರೆ ಮಾರನೆಯ ದಿನ ಜನ ಬಾಗಿಲಿಗೆ ಬರುತ್ತಾರೆ. ವಕೀಲನ ಬಾಗಿಲಿಗೆ ಬರುವುದಿಲ್ಲ. ಯಾಕೆ? ಯಾಕೆಂದರೆ ಕೋರ್ಟಿನ ಕೆಲಸ ತಡವಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ತಡ ಅನ್ನುವುದು ನಮ್ಮ ವೃತ್ತಿಯಲ್ಲಿ ಅನುಮಾನಕ್ಕೆ ಕಾರಣವೇ ಅಲ್ಲ. ವಾಯಿದೆ ಮೇಲೆ ವಾಯಿದೆ ನೋಡಿದ ಕಕ್ಷಿದಾರನಿಗೆ ಇನ್ನೊಂದು ‘ಮುಂದಿನ ವಾರ’ ಭಾರವಾಗುವುದಿಲ್ಲ. ಗಿರಾರ್ಡಿ ಕದ್ದದ್ದು ಹೀಗೆ. ಬೀಗ ಮುರಿಯಲಿಲ್ಲ, ಮುಂದಿನ ವಾರ ಅಂದ. ತೆರಿಗೆಯ ತಕರಾರು ತೀರಬೇಕು ಅಂದ. ಆಸ್ಪತ್ರೆಯ ಬಾಕಿ ಇನ್ನೂ ಒಂದಿದೆ ಅಂದ. ನ್ಯಾಯಾಧೀಶರ ಅನುಮತಿ ಆಗಬೇಕು ಅಂದ. ತೀರಾ ಒತ್ತಾಯ ಬಂದಾಗ ಬಾಯಿ ಮುಚ್ಚಿಸುವಷ್ಟು ಮಾತ್ರ ಕಳಿಸಿದ.

ಒಂದು ಉದಾಹರಣೆ. 2010ರ ಸೆಪ್ಟೆಂಬರ್ 9ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸ್ಯಾನ್ ಬ್ರೂನೊ ಊರಿನಲ್ಲಿ ನೆಲದಡಿಯ ಗ್ಯಾಸ್ ಕೊಳವೆ ಸಿಡಿಯಿತು. ಕೊಳವೆ ಅದೇ ಪಿಜಿ ಅಂಡ್ ಇ ಕಂಪನಿಯದು. 8 ಜನ ಸತ್ತರು, ಒಂದು ಬಡಾವಣೆಯೇ ಸುಟ್ಟುಹೋಯಿತು. ಮೈಯ ಬಹುಭಾಗ ಬೆಂದ ಒಬ್ಬ ಹುಡುಗನ ಕೇಸು ಗಿರಾರ್ಡಿಗೆ ಬಂತು. ಕಂಪನಿ ಒಪ್ಪಿಕೊಂಡ ಪರಿಹಾರ 5.3 ಕೋಟಿ ಡಾಲರಿಗೂ ಹೆಚ್ಚು. ಗಿರಾರ್ಡಿ ಹುಡುಗನ ಮನೆಯವರಿಗೆ ಹೇಳಿದ ಮೊತ್ತ ಅದರ ಒಂದು ಸಣ್ಣ ಚೂರು. ಇದನ್ನು ಸ್ವಲ್ಪ ಯೋಚಿಸಿ. ಎದುರು ಪಕ್ಷದ ಕಂಪನಿಗೆ ನಿಜವಾದ ಅಂಕಿ ಗೊತ್ತು. ಅದರ ವಕೀಲರಿಗೆ ಗೊತ್ತು, ಬ್ಯಾಂಕಿಗೆ ಗೊತ್ತು, ಗಿರಾರ್ಡಿಯ ಲೆಕ್ಕದ ಗುಮಾಸ್ತರಿಗೆ ಗೊತ್ತು. ಗೊತ್ತಿಲ್ಲದಿದ್ದದ್ದು ಮೈ ಸುಟ್ಟುಕೊಂಡವನಿಗೆ ಮಾತ್ರ.

ಇಷ್ಟಾದರೂ ಗಿರಾರ್ಡಿಯ ಕಂಪನಿ ಇನ್ನೂ ಹಲವು ವರ್ಷ ನಡೆಯಿತು. ಅದನ್ನು ಮುಳುಗಿಸಿದ್ದು ಒಂದು ವಿಮಾನ.

2018ರ ಅಕ್ಟೋಬರ್ 29ರ ಬೆಳಿಗ್ಗೆ ಜಕಾರ್ತಾದಿಂದ ಹೊರಟ ಲಯನ್ ಏರ್ 610 ಹಾರಿದ ಸುಮಾರು 13 ನಿಮಿಷಕ್ಕೆ ಜಾವಾ ಸಮುದ್ರಕ್ಕೆ ಬಿತ್ತು. ಒಳಗಿದ್ದ 189 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್ ನಮ್ಮ ದೆಹಲಿಯ ಭವ್ಯೆ ಸುನೇಜಾ. ವಿಮಾನ ಬೋಯಿಂಗ್ 737 ಮ್ಯಾಕ್ಸ್. ಒಂದು ಸೆನ್ಸರ್ ತಪ್ಪು ಅಳತೆ ಕೊಟ್ಟದ್ದಕ್ಕೆ ಸಾಫ್ಟ್‌ವೇರ್ ಮತ್ತೆ ಮತ್ತೆ ಮೂತಿಯನ್ನು ಕೆಳಕ್ಕೆ ಒತ್ತಿದ ಆ ಕಥೆ ನೀವು ಓದಿದ್ದೀರಿ. ಬೋಯಿಂಗ್‌ನ ಮುಖ್ಯ ಕಚೇರಿ ಆಗ ಷಿಕಾಗೊದಲ್ಲಿತ್ತು. ಹಾಗಾಗಿ ಇಂಡೋನೇಷ್ಯಾದ ಹೆಂಗಸರು, ಮಕ್ಕಳು, ತಂದೆತಾಯಿ ಷಿಕಾಗೊ ಕೋರ್ಟಿಗೆ ಹೋಗಬೇಕಾಯಿತು. ಹೋಗುವುದು ಅಂದರೆ ಕಾಗದದ ಮೇಲೆ. ಕೆಲವು ಕುಟುಂಬಗಳ ವಕಾಲತ್ತು ಗಿರಾರ್ಡಿ ಕೀಸ್‌ಗೆ ಸಿಕ್ಕಿತು. ಸ್ಥಳೀಯವಾಗಿ ಜೊತೆ ಕೊಟ್ಟದ್ದು ಷಿಕಾಗೊದ ಎಡೆಲ್ಸನ್ ಎಂಬ ಕಚೇರಿ.

ಬಜ್ಪೆಯ ಗುಡ್ಡದಿಂದ 2010ರ ಮೇ 22ರಂದು ವಿಮಾನ ಉರುಳಿ 158 ಜನ ಹೋದಾಗ ಉಳಿದವರು ಪರಿಹಾರಕ್ಕಾಗಿ ಕಚೇರಿ ಕಚೇರಿ ಅಲೆದದ್ದನ್ನು ಕರಾವಳಿಯ ಕಡೆಯವರು ಮರೆತಿಲ್ಲ. ಭಾಷೆ ಗೊತ್ತಿದ್ದ, ಕೋರ್ಟು ಕೈಗೆಟುಕುತ್ತಿದ್ದ ಜನಕ್ಕೇ ಆ ಗತಿ. ಇನ್ನು ಸಮುದ್ರದಾಚೆಯ ಇಂಗ್ಲಿಷ್ ಕಾಗದ, ನೋಡಿಲ್ಲದ ಊರು, ನೋಡಿಲ್ಲದ ವಕೀಲ.

ಬೋಯಿಂಗ್ ಒಪ್ಪಂದ ಮಾಡಿಕೊಂಡಿತು, ಹಣವನ್ನೂ ಕಳಿಸಿತು. 2020ರ ಮೊದಲ ಭಾಗದಲ್ಲೇ ಅದು ಗಿರಾರ್ಡಿಯ ಟ್ರಸ್ಟ್ ಖಾತೆಗೆ ಬಂದಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಯಾರು ಕಟ್ಟಿದರೋ, ಆದರೆ ಇಲ್ಲಿ ದೇವರ ಜಾಗದಲ್ಲಿ ಬೋಯಿಂಗ್ ಕಂಪನಿ ನಿಲ್ಲಬೇಕಾಗಿ ಬಂದದ್ದು ವಿಪರ್ಯಾಸ. ಕುಟುಂಬಗಳಿಗೆ ಒಂದಿಷ್ಟು ಸಿಕ್ಕಿತು, ಉಳಿದದ್ದು ಮುಂದಿನ ವಾರ.

2020ರ ಡಿಸೆಂಬರ್ 2ಕ್ಕೆ ಎಡೆಲ್ಸನ್‌ನವರೇ, ಅಂದರೆ ಜೊತೆಗಿದ್ದ ವಕೀಲರೇ, ಗಿರಾರ್ಡಿಯ ಮೇಲೆ ಷಿಕಾಗೊದಲ್ಲಿ ದಾವೆ ಹಾಕಿದರು. ಡಿಸೆಂಬರ್ 14ಕ್ಕೆ ನ್ಯಾಯಾಧೀಶ ಥಾಮಸ್ ಡರ್ಕಿನ್ ಮುಂದೆ ವಿಚಾರಣೆ. ಕನಿಷ್ಠ 20 ಲಕ್ಷ ಡಾಲರ್ ಕುಟುಂಬಗಳಿಗೆ ತಲುಪಿಲ್ಲ. ಎಲ್ಲಿ ಅಂತ ಕೇಳಿದರೆ ಉತ್ತರ ಇಲ್ಲ. ಡರ್ಕಿನ್ ಗಿರಾರ್ಡಿಯನ್ನು ನ್ಯಾಯಾಂಗ ನಿಂದನೆಯಲ್ಲಿ ಹಿಡಿದು ಅವನ ಮತ್ತು ಕಂಪನಿಯ ಆಸ್ತಿಯನ್ನೆಲ್ಲ ತಡೆಹಿಡಿದರು. ಇವರು ವಿಧವೆಯರು, ಅನಾಥ ಮಕ್ಕಳು ಅಂತ ಅವರು ಅವತ್ತು ನೆನಪಿಸಬೇಕಾಯಿತು.

ಅದಕ್ಕೂ ಮುಂಚೆ, ಆ ಸೆಪ್ಟೆಂಬರಿನಲ್ಲಿ ಸಾಲ ಕೊಟ್ಟವರ ಒಂದು ಪ್ರಕರಣದಲ್ಲಿ ಗಿರಾರ್ಡಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದ. ಒಂದು ಕಾಲಕ್ಕೆ ತನ್ನ ಹತ್ತಿರ 8 ಕೋಟಿಯೋ 5 ಕೋಟಿಯೋ ಡಾಲರ್ ನಗದು ಇತ್ತು, ಈಗ ಎಲ್ಲ ಹೋಯಿತು ಎಂಬುದು ಅದರ ಸಾರಾಂಶ. ನನಗೆ ಬೆರಗು ಹುಟ್ಟಿಸಿದ್ದು ಹೋದದ್ದಲ್ಲ. ಎಂಟೋ ಐದೋ ಅಂತಾನಲ್ಲ! ನಡುವೆ ಮೂರು ಕೋಟಿ ಡಾಲರ್ ಇದೆ.

ಇಲ್ಲಿಂದ ಮುಂದೆ ಕಳ್ಳತನದ ಕಥೆ ಮುಗಿದು ದಿವಾಳಿಯ ಕಥೆ ಶುರು. ಪತ್ರಿಕೆಗಳಲ್ಲಿ ಇದು ಒಳಪುಟಕ್ಕೆ ಹೋಗುತ್ತದೆ. ನಾನು ಇವತ್ತು ಬಂದದ್ದು ಮುಖ್ಯವಾಗಿ ಇದನ್ನು ಹೇಳಲಿಕ್ಕೆ.

ಡಿಸೆಂಬರ್ 18ರಂದು ಹಣ ಬರಬೇಕಾದವರು ಕೆಲವರು ಸೇರಿ ಗಿರಾರ್ಡಿಯನ್ನೂ ಅವನ ಕಂಪನಿಯನ್ನೂ ದಿವಾಳಿ ಎಂದು ಘೋಷಿಸಿ ಅಂತ ಲಾಸ್ ಏಂಜಲೀಸ್ ಕೋರ್ಟಿಗೆ ಹೋದರು. ಪಾಪರಾದವನು ತಾನೇ ಹೋಗಿ ಕೈ ಎತ್ತುವುದು ಒಂದು. ಇದು ಹಾಗಲ್ಲ, ಬಲವಂತದ ದಿವಾಳಿ. ಅಲ್ಲಿನ ಕಾನೂನಿನ 7ನೆಯ ಅಧ್ಯಾಯದ ಪ್ರಕಾರ ಕೋರ್ಟು ಒಬ್ಬ ಟ್ರಸ್ಟಿಯನ್ನು ನೇಮಿಸುತ್ತದೆ. ಕಂಪನಿಗೆ ಎಲಿಸಾ ಮಿಲ್ಲರ್ ಟ್ರಸ್ಟಿಯಾದರು. ಕೆಲಸ ಏನು? ಬಾಗಿಲಿಗೆ ಬೀಗ ಹಾಕು, ಇರುವುದನ್ನೆಲ್ಲ ಹುಡುಕು, ಮಾರು, ಬರಬೇಕಾದವರಿಗೆ ಕಾನೂನು ಹೇಳಿದ ಸರದಿಯಲ್ಲಿ ಹಂಚು.

ಸರದಿ. ಈ ಪದವನ್ನು ಹಿಡಿದುಕೊಳ್ಳಿ.

ನಿಮ್ಮ ಹತ್ತು ಮೂಟೆ ರಾಗಿ ನನ್ನ ಮನೆಯಲ್ಲಿ ಇಟ್ಟಿದ್ದೀರಿ ಅನ್ನಿ. ಮೂಟೆಯ ಬಾಯಿ ಹೊಲಿದು, ಮೇಲೆ ನಿಮ್ಮ ಹೆಸರು ಬರೆದು ಇಟ್ಟಿದ್ದೀರಿ. ನಾನು ಸಾಲದಲ್ಲಿ ಮುಳುಗಿ ಸಾಲ ಕೊಟ್ಟವರು ಜಪ್ತಿಗೆ ಬಂದರೂ ನಿಮ್ಮ ಮೂಟೆ ಮುಟ್ಟುವಂತಿಲ್ಲ, ಅದು ನಿಮ್ಮದು. ನೀವು ಬಂದು ಹೊತ್ತುಕೊಂಡು ಹೋಗಬಹುದು. ಆದರೆ ನಾನು ನಿಮಗೆ ಹೇಳದೆ ಆ ರಾಗಿಯನ್ನು ನನ್ನ ಹಗೇವಿಗೆ ಸುರಿದುಬಿಟ್ಟಿದ್ದೇನೆ. ಅದೇ ಹಗೇವಿಗೆ ಪಕ್ಕದ ಮನೆಯವರದೂ ಸುರಿದಿದ್ದೇನೆ, ನಡುನಡುವೆ ಮಾರಿದ್ದೇನೆ, ಉಂಡಿದ್ದೇನೆ. ಈಗ ತಳದಲ್ಲಿ ಮೂರು ಮೂಟೆಯಷ್ಟು ಉಳಿದಿದೆ. ಯಾವ ಕಾಳು ನಿಮ್ಮದು? ತೋರಿಸಿ.

ಟ್ರಸ್ಟ್ ಖಾತೆ ಬೆರೆತುಹೋದಾಗ ಆಗುವುದು ಇದೇ. ನಿನ್ನೆಯವರೆಗೆ ಆ ಹಣದ ಒಡತಿಯಾಗಿದ್ದ ಜಕಾರ್ತಾದ ವಿಧವೆ, ತನ್ನ ಹಣವನ್ನು ಗುರುತು ಹಿಡಿದು ತೋರಿಸಲಾಗದಿದ್ದರೆ, ಗಿರಾರ್ಡಿಗೆ ಸಾಲ ಕೊಟ್ಟವಳಾಗಿ ಮಾರ್ಪಡುತ್ತಾಳೆ. ಅವಳು ಯಾರಿಗೂ ಸಾಲ ಕೊಟ್ಟಿರಲಿಲ್ಲ! ಗಂಡ ಸತ್ತಿದ್ದ, ಅದರ ಪರಿಹಾರ ಬರಬೇಕಿತ್ತು ಅಷ್ಟೆ. ಈಗ ಪಟ್ಟಿಯಲ್ಲಿ ಅವಳೂ ಒಂದು ಸಾಲು. ಆಸ್ತಿ ಒತ್ತೆ ಇಟ್ಟುಕೊಂಡು ಸಾಲ ಕೊಟ್ಟ ಫೈನಾನ್ಸ್ ಕಂಪನಿ ಅವಳಿಗಿಂತ ಮುಂದೆ. ದಿವಾಳಿಯನ್ನು ನಡೆಸುವ ಟ್ರಸ್ಟಿಯ ಖರ್ಚು, ಟ್ರಸ್ಟಿಯ ವಕೀಲರ ಫೀಸು, ಲೆಕ್ಕಪರಿಶೋಧಕರ ಫೀಸು ಕೂಡ ಮುಂದೆ. ವಕೀಲ ನುಂಗಿದ ಹಣವನ್ನು ಕಕ್ಕಿಸಲಿಕ್ಕೆ ಇನ್ನಷ್ಟು ವಕೀಲರು, ಅವರ ಫೀಸು ಮೊದಲು. ಟ್ರಸ್ಟಿಯ ತಪ್ಪು ಅಂತ ಹೇಳುತ್ತಿಲ್ಲ. ಫೀಸು ಇಲ್ಲದೆ ಯಾರು ಹತ್ತು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂತು ಓದುತ್ತಾರೆ? ಆದರೂ ಓದುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

ಇನ್ನೊಂದು ವಿಚಿತ್ರ. ಮುಳುಗಿದ ವಕೀಲಿ ಕಂಪನಿಯ ಆಸ್ತಿ ಯಾವುದು? ಅಕ್ಕಿ ಗಿರಣಿ ಮುಳುಗಿದರೆ ಗಿರಣಿ ಇರುತ್ತದೆ, ಜಾಗ ಇರುತ್ತದೆ. ವಕೀಲರ ಕಚೇರಿಯಲ್ಲಿ ಇರುವುದು ಕುರ್ಚಿ, ಕಪಾಟು, ಕಡತ. ನಿಜವಾದ ಆಸ್ತಿ ಅಂದರೆ ನಡೆಯುತ್ತಿರುವ ಕೇಸುಗಳಲ್ಲಿ ಮುಂದೆ ಬರಬಹುದಾದ ಫೀಸಿನ ಪಾಲು. ಆ ಕಕ್ಷಿದಾರರು ಬೇರೆ ವಕೀಲರನ್ನು ಹುಡುಕಿಕೊಂಡು ಹೋಗಬೇಕು. ಕೇಸಿಗೆ ಕಾಲಮಿತಿ ಓಡುತ್ತಿರುತ್ತದೆ, ಕಡತ ಬೀಗ ಹಾಕಿದ ಕಟ್ಟಡದಲ್ಲಿರುತ್ತದೆ. ಹೊಸ ವಕೀಲ ಗೆದ್ದರೆ ಹಳೆಯ ಕಂಪನಿ ಮಾಡಿದ ಕೆಲಸದ ಪಾಲನ್ನು ಟ್ರಸ್ಟಿ ಕೇಳುತ್ತಾರೆ. ಅಂದರೆ ಇವತ್ತಿನ ಗಾಯಾಳುವಿನ ಕೇಸಿನ ಫೀಸಿನಿಂದ ನಿನ್ನೆಯ ಗಾಯಾಳುವಿನ ನಷ್ಟ ತುಂಬಬೇಕು. ಗಿರಾರ್ಡಿ ಕದ್ದು ಮಾಡುತ್ತಿದ್ದದ್ದಕ್ಕೆ ದೂರದ ನೆಂಟಸ್ತಿಕೆ ಇರುವ ಕೆಲಸವನ್ನು ಈಗ ಕಾನೂನು ಬಾಗಿಲು ತೆರೆದು, ಲೆಕ್ಕ ಬರೆದು ಮಾಡುತ್ತದೆ.

ಈಗ ಓಲೆಗೆ ಬರೋಣ. ಟ್ರಸ್ಟಿ ಹಳೆಯ ಲೆಡ್ಜರುಗಳನ್ನು ತೆಗೆಸಿದಾಗ ಆ ‘ಖರ್ಚು’ ಕಣ್ಣಿಗೆ ಬಿತ್ತು. ಓಲೆ ಕೊಡಿ ಅಂತ ಎರಿಕಾ ಅವರನ್ನು ಕೇಳಿದರು. ಅಷ್ಟರಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿಯಾಗಿತ್ತು, ಅದು 2020ರ ನವೆಂಬರ್, ಕಂಪನಿ ಕುಸಿಯುವ ಒಂದು ತಿಂಗಳ ಮುಂಚೆ. ಗಂಡ ಕೊಟ್ಟ ಉಡುಗೊರೆ, ಹಣ ಎಲ್ಲಿಂದ ಬಂತೆಂದು ನನಗೆ ಗೊತ್ತಿರಲಿಲ್ಲ ಅಂದರು. ಗೊತ್ತಿರಲಿಲ್ಲ ಅನ್ನುವುದನ್ನು ಹಾಗೇ ಒಪ್ಪಿಕೊಂಡೇ ಮುಂದೆ ಹೋಗೋಣ, ಯಾಕೆಂದರೆ ಕಾನೂನಿಗೆ ಅದು ಮುಖ್ಯವಲ್ಲ. ಕದ್ದ ಹಣದಿಂದ ಕೊಂಡದ್ದನ್ನು ಕದ್ದವನು ದಾನ ಮಾಡಿದರೆ ಪಡೆದವರಿಗೆ ಒಡೆತನ ಬರುವುದಿಲ್ಲ. ತನ್ನಲ್ಲಿ ಇಲ್ಲದ ಹಕ್ಕನ್ನು ಅವನು ಎಲ್ಲಿಂದ ಕೊಟ್ಟಾನು? 2022ರ ಜೂನ್‌ನಲ್ಲಿ ದಿವಾಳಿ ಕೋರ್ಟಿನ ನ್ಯಾಯಾಧೀಶ ಬ್ಯಾರಿ ರಸೆಲ್ ಓಲೆ ಟ್ರಸ್ಟಿಗೆ ಸೇರಬೇಕು ಅಂದರು. ಅದೇ ಡಿಸೆಂಬರ್‌ನಲ್ಲಿ ಹರಾಜಾಯಿತು. 7.5 ಲಕ್ಷಕ್ಕೆ ಕೊಂಡದ್ದು 2.5 ಲಕ್ಷಕ್ಕೆ ಹೋಯಿತು.

ನಮ್ಮ ತಾಯಂದಿರಿಗೆ ಇದು ಹೊಸದಲ್ಲ. ಒಡವೆ ಮಾರಲು ಹೋದಾಗ ತೂಕ ಕಡಿಮೆಯಾಗಿರುತ್ತದೆ, ಕಲ್ಲಿಗೆ ಬೆಲೆ ಇಲ್ಲ ಅನ್ನುತ್ತಾರೆ. ದಿವಾಳಿಯಲ್ಲಿ ಎಲ್ಲ ಆಸ್ತಿಗೂ ಇದೇ ಗತಿ. ಕದ್ದದ್ದು ಒಂದು ರೂಪಾಯಿ, ವಾಪಸು ಬರುವುದು ನಾಲ್ಕಾಣೆ, ಎಂಟಾಣೆ. ಪಾಸಡೀನಾದ ಮನೆ ಮಾರಿದರು. ಎರಿಕಾ ಅವರ ಮನರಂಜನೆಯ ಕಂಪನಿಗೆ ಗಿರಾರ್ಡಿ ಕೀಸ್‌ನಿಂದ 2.5 ಕೋಟಿ ಡಾಲರಿಗೂ ಹೆಚ್ಚು ಹರಿದಿದೆ ಅಂತ ಟ್ರಸ್ಟಿ ಬೇರೆ ದಾವೆ ಹೂಡಿದರು. ಅದು ಆರೋಪ, ಆಕೆ ನಿರಾಕರಿಸಿದ್ದಾರೆ. ಅದರಲ್ಲಿ ನಾನು ತೀರ್ಪು ಕೊಡಲು ಹೋಗುವುದಿಲ್ಲ.

ಕಳ್ಳನ ಮನೆಗೂ ಕನ್ನ ಬಿದ್ದಿತ್ತು ಅನ್ನುವುದು ಇನ್ನೊಂದು ಸ್ವಾರಸ್ಯ. ಕಂಪನಿಯ ಹಣಕಾಸು ಮುಖ್ಯಸ್ಥ ಕ್ರಿಸ್ಟೊಫರ್ ಕೇಮನ್ ಕಕ್ಷಿದಾರರ ಹಣ ತಿರುಗಿಸಲು ಯಜಮಾನನಿಗೆ ಸಹಾಯ ಮಾಡುತ್ತಲೇ, ಯಜಮಾನನ ಕಂಪನಿಯಿಂದ ತನ್ನ ಪಾಲಿಗೂ ಲಕ್ಷಾಂತರ ಡಾಲರ್ ಎತ್ತಿದ್ದ. 2022ರ ನವೆಂಬರ್‌ನಲ್ಲಿ ಬಹಾಮಾಸ್‌ನಿಂದ ಬಾಲ್ಟಿಮೋರ್‌ಗೆ ಬಂದಿಳಿದಾಗ ಹಿಡಿದರು. ತಪ್ಪೊಪ್ಪಿಕೊಂಡ, 2025ರ ಏಪ್ರಿಲ್‌ನಲ್ಲಿ 10 ವರ್ಷ ಒಂದು ತಿಂಗಳ ಶಿಕ್ಷೆಯಾಯಿತು. ಯಜಮಾನನಿಗಿಂತ ಹೆಚ್ಚು.

ಯಜಮಾನನ ಕ್ರಿಮಿನಲ್ ವಿಚಾರಣೆ ಬೇಗ ಹೇಳಿ ಮುಗಿಸುತ್ತೇನೆ. ಮರೆವಿನ ಕಾಯಿಲೆ, ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಅಂತ ವಾದ ಬಂತು. ನ್ಯಾಯಾಧೀಶೆ ಜೋಸೆಫೀನ್ ಸ್ಟ್ಯಾಟನ್ ವೈದ್ಯರ ವರದಿಗಳನ್ನೆಲ್ಲ ನೋಡಿ 2024ರ ಜನವರಿಯಲ್ಲಿ ಸ್ಥಿತಿಯಲ್ಲಿದ್ದಾನೆ ಅಂದರು. ಆಗಸ್ಟ್ 27ರಂದು ಜ್ಯೂರಿ ನಾಲ್ಕೂ ವಂಚನೆ ಆರೋಪಗಳಲ್ಲಿ ತಪ್ಪಿತಸ್ಥ ಅಂದಿತು. ಹತ್ತು ವರ್ಷಗಳಲ್ಲಿ ಕಕ್ಷಿದಾರರಿಂದ ಕದ್ದದ್ದು 1.5 ಕೋಟಿ ಡಾಲರಿಗೂ ಹೆಚ್ಚು ಎಂಬುದು ಸರ್ಕಾರಿ ವಕೀಲರ ಲೆಕ್ಕ. 2025ರ ಜೂನ್ 3ರಂದು 7 ವರ್ಷ 3 ತಿಂಗಳ ಸೆರೆ, 35,000 ಡಾಲರ್ ದಂಡ, ಸುಮಾರು 23 ಲಕ್ಷ ಡಾಲರ್ ಪರಿಹಾರ. ಪರಿಹಾರ ಕೊಡು ಅನ್ನುವುದು ಆದೇಶ. ದಿವಾಳಿಯಾದವನಿಂದ ವಸೂಲಾಗುವುದು ಬೇರೆ ಮಾತು, ತೀರ್ಪಿನ ಹಣ ವಸೂಲಿಗೆ ಅಮಲ್ಜಾರಿ ನಡೆಸಿದವರಿಗೆ ವಿವರಿಸಬೇಕಿಲ್ಲ.

ಶಿಕ್ಷೆಗಿಂತ ನನ್ನನ್ನು ಕಾಡುವುದು ಇನ್ನೊಂದು ಅಂಕಿ. 205. ಕ್ಯಾಲಿಫೋರ್ನಿಯಾದ ಸ್ಟೇಟ್ ಬಾರ್‌ಗೆ, ಅಂದರೆ ವಕೀಲರ ಸನದು ಕೊಡುವ, ಕಿತ್ತುಕೊಳ್ಳುವ ಸಂಸ್ಥೆಗೆ, ನಾಲ್ಕು ದಶಕಗಳಲ್ಲಿ ಈ ಒಬ್ಬನ ಮೇಲೆ ಬಂದ ದೂರುಗಳು. ಇದನ್ನು ಆ ಸಂಸ್ಥೆಯೇ 2022ರಲ್ಲಿ ಒಪ್ಪಿಕೊಂಡಿತು. ಕಂಪನಿ ಕುಸಿಯುವವರೆಗೆ ಅವನ ಮೇಲೆ ಒಂದೇ ಒಂದು ಬಹಿರಂಗ ಶಿಸ್ತುಕ್ರಮ ಇರಲಿಲ್ಲ. ಒಳಗಿನವರಿಗೆ ಅವನಿಂದ ಊಟ, ಉಡುಗೊರೆ ಸಂದಿದ್ದು ಆಮೇಲಿನ ತನಿಖೆಯಲ್ಲಿ ಹೊರಬಿತ್ತು. ಸನದು ರದ್ದಾದದ್ದು 2022ರಲ್ಲಿ, ಆಗ ಅವನಿಗೆ 83 ವರ್ಷ. ಯಾವ ಕೋರ್ಟಿಗೂ ಹೋಗುವ ವಯಸ್ಸಲ್ಲ. ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ.

ಆಮೇಲೆ ನಿಯಮಗಳು ಬಂದವು. 2023ರಿಂದ ಅಲ್ಲಿನ ವಕೀಲರು ತಮ್ಮ ಟ್ರಸ್ಟ್ ಖಾತೆಗಳನ್ನು ಪ್ರತಿ ವರ್ಷ ಬಾರ್‌ನಲ್ಲಿ ನೋಂದಾಯಿಸಬೇಕು. ಅದೇ ವರ್ಷದ ಆಗಸ್ಟ್‌ನಿಂದ ಇನ್ನೊಬ್ಬ ವಕೀಲ ಕಕ್ಷಿದಾರರ ಹಣ ನುಂಗಿದ್ದು ಗೊತ್ತಾದರೆ ಬಾರ್‌ಗೆ ತಿಳಿಸುವುದು ಕಡ್ಡಾಯ. ಅದಕ್ಕೂ ಮುಂಚೆ ಕ್ಯಾಲಿಫೋರ್ನಿಯಾದಲ್ಲಿ ಆ ಕರ್ತವ್ಯವೇ ಇರಲಿಲ್ಲ, ಸುಮ್ಮನೆ ಕೂತರೂ ತಪ್ಪಲ್ಲ! ವಕೀಲರಿಂದ ಮೋಸಹೋದವರಿಗೆ ವಕೀಲರ ವಂತಿಗೆಯಿಂದಲೇ ನಡೆಯುವ ಒಂದು ನಿಧಿಯೂ ಅಲ್ಲಿದೆ. ಗರಿಷ್ಠ ಒಂದು ಲಕ್ಷ ಡಾಲರ್. 5.3 ಕೋಟಿಯ ಹುಡುಗನನ್ನು ನೆನಪಿಸಿಕೊಳ್ಳಿ.

ಸಭೆಯಿಂದ ಚೀಟಿ ಬಂದಿದೆ: ‘ನಮ್ಮಲ್ಲಿ ಹೇಗೆ?’ ನಮ್ಮಲ್ಲಿ ನಿಯಮ ಇದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳಲ್ಲಿ ವಕೀಲ ಕಕ್ಷಿದಾರನ ಹಣಕ್ಕೆ ಲೆಕ್ಕ ಇಡಬೇಕು ಅಂತ ಇದೆ. ಕಕ್ಷಿದಾರನ ಪರವಾಗಿ ಹಣ ಬಂದರೆ ಆದಷ್ಟು ಬೇಗ ಅವನಿಗೆ ತಿಳಿಸಬೇಕು ಅಂತಲೂ ಇದೆ. ತಪ್ಪಿದರೆ 1961ರ ವಕೀಲರ ಕಾಯ್ದೆಯ 35ನೆಯ ಕಲಮಿನಲ್ಲಿ ಶಿಸ್ತುಕ್ರಮ. ಮೋಟಾರು ಅಪಘಾತದ ಪರಿಹಾರದ ವಿಷಯದಲ್ಲಿ ಸುಪ್ರೀಂ ಕೋರ್ಟು 1993ರಲ್ಲೇ, ಕೇರಳದ ಸುಸಮ್ಮ ಥಾಮಸ್ ಪ್ರಕರಣದಲ್ಲಿ, ಓದು ಬಾರದವರ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿ ನೇರ ಅವರಿಗೇ ಹೋಗುವ ಹಾಗೆ ಮಾಡಿ ಅಂತ ಮಾರ್ಗಸೂಚಿ ಕೊಟ್ಟಿತು. ಕೈ ಬದಲಾದಷ್ಟೂ ಹಣ ಸವೆಯುತ್ತದೆ ಅಂತ ಆ ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ಗಿರಾರ್ಡಿಯ ಗಾತ್ರದ ಕಂಪನಿ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇಲ್ಲ. ಮುಂದಿನ ವಾರ ಮಾತ್ರ ಇದೆ.

ಅದನ್ನು ನಾನೇ ಹೇಳಿದ್ದೇನೆ. ಹೇಳಿಬಿಡುತ್ತೇನೆ, ಬೇರೆಯವರ ಬಣ್ಣ ಬಯಲು ಮಾಡಿ ನನ್ನದು ಮುಚ್ಚಿಟ್ಟುಕೊಂಡರೆ ಸರಿಯಲ್ಲ.

1986, ಆ 1993ರ ತೀರ್ಪಿಗೆ ಏಳು ವರ್ಷ ಮುಂಚೆ. ನಾನು ಜೂನಿಯರ್ ಆಗಿ ಸೇರಿ ವರ್ಷವಾಗಿರಲಿಲ್ಲ. ನಮ್ಮ ಸೀನಿಯರ್ ಒಂದು ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ಇಟ್ಟಿದ್ದರು, ಕಕ್ಷಿದಾರರ ಹಣಕ್ಕೆಂದೇ. ಚೆಕ್ಕು ಬಂದ ದಿನವೇ ಅದರಲ್ಲಿ ಬರೆದು, ಅದೇ ದಿನ ಒಂದು ಪೋಸ್ಟ್‌ಕಾರ್ಡ್ ಹಾಕಬೇಕು: ‘ಹಣ ಬಂದಿದೆ, ಬಂದು ಪಡೆಯುವುದು.’ ಕಾರ್ಡಿಗೆ 15 ಪೈಸೆ. ಆ ಕೆಲಸ ನನ್ನದು. ಲಾರಿ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಚೆಕ್ಕು ಬಂತು. ನಾನು ಪುಸ್ತಕದಲ್ಲಿ ಬರೆದೆ, ಕಾರ್ಡು ಬರೆಯುವುದು ಮರೆತೆ. ಆ ನಡುವೆ ಆಕೆ ಎರಡು ಸಲ ಕಚೇರಿಗೆ ಬಂದಳು. ಸೀನಿಯರ್ ಕೋರ್ಟಿನಲ್ಲಿದ್ದರು. ಬಾಗಿಲಲ್ಲಿ ನಿಂತು ‘ಬಂತಾ ಸ್ವಾಮಿ?’ ಅಂತ ಕೇಳಿದಳು. ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ತೆಗೆದು ನೋಡುವ ಸೋಮಾರಿತನಕ್ಕೆ ಎರಡು ಸಲವೂ ನಾನು ಹೇಳಿದ್ದು, ‘ಇಲ್ಲಮ್ಮ, ಮುಂದಿನ ವಾರ ಬನ್ನಿ.’

ಹನ್ನೊಂದನೆಯ ದಿನ ಸೀನಿಯರ್ ಪುಸ್ತಕ ತಿರುವಿದರು. ಬೈಯಲಿಲ್ಲ. ‘ಕಾರ್ಡು ಬೇಡ, ನೀನೇ ಹೋಗಿ ಹೇಳಿ ಬಾ’ ಅಂದರು. ಬಸ್ಸು ಇಳಿದ ಮೇಲೆ ಮೂರು ಮೈಲಿ ನಡಿಗೆ, ಏಪ್ರಿಲ್ ಬಿಸಿಲು. ಆಕೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಹಣ ಬಂದಿದೆ ಅಂದೆ. ಯಾವತ್ತು ಬಂತು ಅಂತ ಕೇಳಿದಳು. ಹನ್ನೊಂದು ದಿನ ಆಯಿತು ಅಂದೆ. ಏನೂ ಹೇಳದೆ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ಸುಮ್ಮನಿದ್ದು ಕೇಳಿದಳು, ‘ನಾನು ಎರಡು ಸಲ ಬಂದಿದ್ದೆನಲ್ಲ, ಆ ಬಸ್ ಚಾರ್ಜು ಯಾವ ಲೆಕ್ಕಕ್ಕೆ ಬರೀತೀರಿ?’